ಕಚೇರಿಯ ಫೈಲ್ ಸರ್ವರ್ ತೆವಳುತ್ತಿದೆಯೇ? ಹೊಸದನ್ನು ಕೊಳ್ಳುವ ಮೊದಲು ಮಾಡಬೇಕಾದ ತಪಾಸಣೆ

ಹತ್ತು–ಹದಿನೈದು ಕಂಪ್ಯೂಟರುಗಳಿರುವ ಒಂದು ಆಡಿಟರ್ ಕಚೇರಿ. ಮೂಲೆಯ ಮೇಜಿನ ಕೆಳಗೆ ಒಂದು ಟವರ್ ಸರ್ವರ್, ಅದರೊಳಗೆ 1 ಟಿಬಿಯ ನಾಲ್ಕು ಡಿಸ್ಕುಗಳ ರೇಡ್ 5 (ಒಂದು ಡಿಸ್ಕು ಸತ್ತರೂ ಡೇಟಾ ಉಳಿಯುವಂತೆ ಕಟ್ಟಿದ ಗುಂಪು), ಮೇಲೆ ವಿಂಡೋಸ್ ಸರ್ವರ್ 2012 ಆರ್2 ಅಥವಾ 2016. ಹಾಕಿಕೊಟ್ಟವರು ಈಗ ಫೋನಿಗೆ ಸಿಗುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ಯಾವುದೋ ಹಳೆಯ ಡೈರಿಯ ಕೊನೆಯ ಪುಟದಲ್ಲಿದೆ. ಸೆಪ್ಟೆಂಬರಿನಲ್ಲಿ ಟ್ಯಾಕ್ಸ್ ಆಡಿಟ್ಟಿನ ಗಡುವು ಹತ್ತಿರವಾದಂತೆ ಎಲ್ಲ ಮೇಜುಗಳಿಂದಲೂ ಒಂದೇ ದೂರು: “ಸಾರ್, ಸರ್ವರ್ ಸ್ಲೋ.”

ಆಗ ಸಾಮಾನ್ಯವಾಗಿ ನಡೆಯುವುದು ಏನೆಂದರೆ, ಯಾರೋ ರ್‍ಯಾಮ್ ಹೆಚ್ಚಿಸಿ ಎನ್ನುತ್ತಾರೆ, ಇನ್ಯಾರೋ ಇಂಟರ್ನೆಟ್ ಪ್ಲಾನ್ ಬದಲಿಸಿ ಎನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಫೈಲ್ ಸರ್ವರ್ ನಿಧಾನವಾಗಲು ಕಾರಣ ಹೆಚ್ಚೂಕಮ್ಮಿ ನಾಲ್ಕೇ ಕಡೆ ಇರುತ್ತದೆ: ಕೇಬಲ್ ಮತ್ತು ಸ್ವಿಚ್ಚು, ಡಿಸ್ಕು, ಇವುಗಳ ನಡುವೆ ಕೂತ ಸಾಫ್ಟ್‌ವೇರು, ಸರ್ವರಿನ ಹೆಸರು ಹುಡುಕುವ ವ್ಯವಸ್ಥೆ. ಯಾವ ಕಡೆ ಎಂಬುದನ್ನು ಒಂದು ಗಂಟೆಯೊಳಗೆ ಅಳೆದು ಹೇಳಬಹುದು. ಅಳೆಯುವ ತನಕ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ.

ಜಿಎಸ್‌ಟಿ ಅಥವಾ ಆದಾಯ ತೆರಿಗೆಯ ಪೋರ್ಟಲ್ ನಿಧಾನವಾಗಿರುವುದನ್ನೂ ಕಚೇರಿಯಲ್ಲಿ “ಸರ್ವರ್ ಸ್ಲೋ” ಎಂದೇ ಕರೆಯುತ್ತಾರೆ. ತಿಂಗಳ 11 ಮತ್ತು 20ನೇ ತಾರೀಕಿನ ಸುತ್ತ ಮಾತ್ರ ದೂರು ಬರುತ್ತಿದ್ದರೆ ಅದು ಯಾವ ಸರ್ವರ್ ಎಂದು ಮೊದಲು ಕೇಳಿ ತಿಳಿದುಕೊಳ್ಳಿ.

ಹೆಜ್ಜೆ 1: ಮುಟ್ಟುವ ಮೊದಲು ನಕಲು

ವರ್ಷಗಟ್ಟಲೆ ಯಾರೂ ನೋಡದ ಸರ್ವರ್ ನಿಧಾನವಾಗಿದೆ ಎಂದರೆ ಒಂದು ಡಿಸ್ಕ್ ಸಾಯುತ್ತಿರಬಹುದು ಎಂದೇ ಹಿಡಿದು ಕೆಲಸ ಶುರುಮಾಡಬೇಕು. ರೀಸ್ಟಾರ್ಟ್ ಮಾಡಿ ನೋಡೋಣ ಎನ್ನುವ ಆಸೆಯನ್ನೂ ತಡೆದುಕೊಳ್ಳಿ. ಮೂರು–ನಾಲ್ಕು ವರ್ಷ ಒಂದೇ ಸಮನೆ ತಿರುಗಿದ ಡಿಸ್ಕು ನಿಂತು ತಣ್ಣಗಾದ ಮೇಲೆ ಮತ್ತೆ ತಿರುಗದೇ ಹೋಗಬಹುದು. ಹಳೆಯ ಪವರ್ ಸಪ್ಲೈ ಕೂಡ ಓಡುವಾಗ ಓಡುತ್ತಿದ್ದು, ಆರಿಸಿ ಹಾಕಿದಾಗ ಕೈಕೊಡುತ್ತದೆ.

ಹಾಗಾಗಿ ಮೊದಲ ಸಂಜೆಯ ಕೆಲಸ, ಎಲ್ಲರೂ ಟ್ಯಾಲಿ ಮುಚ್ಚಿ ಹೊರಟ ಮೇಲೆ, ಪೂರ್ತಿ ನಕಲು ತೆಗೆಯುವುದು. ಎಕ್ಸ್‌ಟರ್ನಲ್ ಡಿಸ್ಕನ್ನು ಸರ್ವರಿಗೇ ಚುಚ್ಚಬೇಕೆಂದಿಲ್ಲ. ಹಳೆಯ ಸರ್ವರಿನಲ್ಲಿ ಯುಎಸ್‌ಬಿ 2 ಮಾತ್ರ ಇದ್ದರೆ ಸೆಕೆಂಡಿಗೆ 30 ಎಂಬಿಯ ಆಸುಪಾಸು ಸಿಗುತ್ತದೆ, ಅಂದರೆ 1.5 ಟಿಬಿಗೆ ಹದಿನಾಲ್ಕು ಗಂಟೆ. ಅದೇ ಡಿಸ್ಕನ್ನು ಹೊಸ ಪಿಸಿಯ ಯುಎಸ್‌ಬಿ 3 ಪೋರ್ಟಿಗೆ ಹಾಕಿ ನೆಟ್‌ವರ್ಕಿನ ಮೂಲಕ ಎಳೆದುಕೊಂಡರೆ, ಜಾಲ ಚೆನ್ನಾಗಿದ್ದಲ್ಲಿ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಸಣ್ಣ ಫೈಲುಗಳು ಹೆಚ್ಚಿದ್ದರೆ ಇನ್ನಷ್ಟು ಹೊತ್ತು.

ನಕಲಿಗೆ ಎಕ್ಸ್‌ಪ್ಲೋರರಿನ ಕಾಪಿ–ಪೇಸ್ಟ್ ಬೇಡ, ಒಂದು ಫೈಲ್ ಓದಲಾಗದಿದ್ದರೆ ಅದು ಅಲ್ಲೇ ನಿಂತು ನಿಮ್ಮ ಉತ್ತರಕ್ಕೆ ಬೆಳಗಿನವರೆಗೆ ಕಾಯುತ್ತದೆ. ವಿಂಡೋಸಿನೊಳಗೇ ಇರುವ, ಆಜ್ಞೆ ಟೈಪ್ ಮಾಡಿ ಓಡಿಸುವ ರೋಬೊಕಾಪಿ ಬಳಸಿ. ಆದರೆ ಅದರಲ್ಲಿ ಒಂದು ಹೊಂಡವಿದೆ: ಓದಲಾಗದ ಫೈಲನ್ನು ಅದು ತಾನಾಗಿ ಹತ್ತು ಲಕ್ಷ ಸಲ, ಪ್ರತಿ ಸಲಕ್ಕೆ 30 ಸೆಕೆಂಡ್ ಕಾದು, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆದ್ದರಿಂದ ಆಜ್ಞೆಯ ಜೊತೆ ಬರೆಯುವ ಆಯ್ಕೆಗಳಲ್ಲಿ (ಇವನ್ನೂ ಸ್ವಿಚ್ ಎನ್ನುತ್ತಾರೆ) ಮರುಪ್ರಯತ್ನದ ‘ಆರ್’ ಸ್ವಿಚ್ಚಿಗೆ 1, ಕಾಯುವ ‘ಡಬ್ಲ್ಯು’ ಸ್ವಿಚ್ಚಿಗೆ 1 ಕೊಡಲೇಬೇಕು. ಉಪಫೋಲ್ಡರುಗಳಿಗೆ ‘ಇ’, ವರದಿಗೆ ‘ಲಾಗ್’ ಸೇರಿಸಿ. ‘ಮಿರ್’ ಸ್ವಿಚ್ಚನ್ನು ಮಾತ್ರ ಈ ಹಂತದಲ್ಲಿ ಮುಟ್ಟಬೇಡಿ. ಮೂಲ ಮತ್ತು ಗುರಿಯನ್ನು ಅದಲುಬದಲು ಬರೆದರೆ ಅದು ಖಾಲಿ ಡಿಸ್ಕಿಗೆ ಸಮವಾಗುವಂತೆ ನಿಮ್ಮ ಸರ್ವರನ್ನೇ ಖಾಲಿ ಮಾಡುತ್ತದೆ.

ಬೆಳಿಗ್ಗೆ ಲಾಗ್ ತೆರೆದು ವಿಫಲವಾದ ಫೈಲುಗಳ ಎಣಿಕೆ ನೋಡಿ. “ಅನುಮತಿ ಇಲ್ಲ” ಎಂಬುದು ಬೇರೆ, “ಡೇಟಾ ದೋಷ” ಅಥವಾ “ಸೈಕ್ಲಿಕ್ ರಿಡಂಡೆನ್ಸಿ ಚೆಕ್” ಎಂಬುದು ಬೇರೆ. ಎರಡನೆಯದು ಒಂದೇ ಒಂದು ಕಂಡರೂ ನೇರವಾಗಿ ಡಿಸ್ಕಿನ ಹೆಜ್ಜೆಗೆ ಹೋಗಿ.

ಹೆಜ್ಜೆ 2: ಮೂರು ಪ್ರಶ್ನೆ

ಎಲ್ಲರಿಗೂ ನಿಧಾನವೇ, ಒಬ್ಬರಿಗೋ? ಒಬ್ಬರಿಗೆ ಮಾತ್ರ ಎಂದಾದರೆ ಸರ್ವರ್ ನಿರಪರಾಧಿ. ಅವರ ಕೇಬಲ್, ವೈಫೈ ಅಥವಾ ಆಂಟಿವೈರಸ್ ನೋಡಿ. ನಾಲ್ಕೈದು ಜನರಿಗೆ, ಅದೂ ಅಕ್ಕಪಕ್ಕ ಕೂತವರಿಗೆ ಎಂದರೆ ಅವರ ಮೇಜಿನ ಕೆಳಗಿನ ಸಣ್ಣ ಸ್ವಿಚ್ಚನ್ನು ಹುಡುಕಿ.

ಇಡೀ ದಿನವೇ, ಒಂದು ಹೊತ್ತಿಗೋ? ಬೆಳಿಗ್ಗೆ 7 ಮತ್ತು ಮಧ್ಯಾಹ್ನ 12 ಗಂಟೆಗೆ ಎಂದರೆ ಶ್ಯಾಡೋ ಕಾಪಿ, ಅಂದರೆ ಫೈಲುಗಳ ಹಿಂದಿನ ರೂಪವನ್ನು ವಿಂಡೋಸ್ ತಾನಾಗಿ ತೆಗೆದಿಡುವ ಕೆಲಸ. ವಿಂಡೋಸ್ ಸರ್ವರಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಅದಕ್ಕೆ ಮೊದಲೇ ಗೊತ್ತುಮಾಡಿದ ಹೊತ್ತು ಇವೆರಡೇ. ಬೆಳಿಗ್ಗೆ ಕಚೇರಿ ತೆರೆದ ಮೊದಲ ಒಂದು ಗಂಟೆ ಎಂದರೆ, ರಾತ್ರಿ ಸರ್ವರ್ ಆರಿಸುವ ಅಭ್ಯಾಸದಿಂದಾಗಿ ರಾತ್ರಿಯ ಬ್ಯಾಕಪ್ಪು ಮತ್ತು ಸ್ಕ್ಯಾನು ಬೆಳಿಗ್ಗೆ ಓಡುತ್ತಿರಬಹುದು.

ತೆರೆಯಲು ನಿಧಾನವೇ, ಉಳಿಸಲು ನಿಧಾನವೇ, ಫೋಲ್ಡರ್ ಪಟ್ಟಿ ಕಾಣಿಸಲಿಕ್ಕೇ ನಿಧಾನವೇ? ಉಳಿಸಲು ಮಾತ್ರ ನಿಧಾನ ಎಂಬ ಉತ್ತರ ಬಂದರೆ ಡಿಸ್ಕುಗಳ ಗುಂಪನ್ನು ನಡೆಸುವ ರೇಡ್ ಕಾರ್ಡಿನ ಬ್ಯಾಟರಿಯ ಮೇಲೆ ಅನುಮಾನ ಇಟ್ಟುಕೊಂಡೇ ಮುಂದೆ ಓದಿ.

ಹೆಜ್ಜೆ 3: ಒಂದು ದೊಡ್ಡ ಫೈಲು, ಒಂದು ರಾಶಿ ಸಣ್ಣ ಫೈಲು

ಕೇಬಲ್ ಹಾಕಿದ ಒಂದು ಒಳ್ಳೆಯ ಪಿಸಿ ಆರಿಸಿಕೊಳ್ಳಿ, ಎಸ್‌ಎಸ್‌ಡಿ ಇರುವಂಥದ್ದು. ವೈಫೈಯಲ್ಲಿ ಮಾಡಿದ ಅಳತೆಗೆ ಅರ್ಥವಿಲ್ಲ. ಕನಿಷ್ಠ 5 ಜಿಬಿಯ ಒಂದೇ ಫೈಲನ್ನು, ಹಳೆಯ ಜಿಪ್ ಅಥವಾ ಬ್ಯಾಕಪ್ ಫೈಲಾದರೆ ಅನುಕೂಲ, ಸರ್ವರಿಗೆ ಕಳುಹಿಸಿ. ಆಮೇಲೆ ಸರ್ವರಿನಿಂದ ಇತ್ತೀಚೆಗೆ ಯಾರೂ ತೆರೆಯದ ಅಷ್ಟೇ ದೊಡ್ಡ ಇನ್ನೊಂದು ಫೈಲನ್ನು ತನ್ನಿ. ಸಣ್ಣ ಫೈಲಾದರೆ ಅದು ಸರ್ವರಿನ ರ್‍ಯಾಮಿನಲ್ಲೇ ಕೂತು ಡಿಸ್ಕಿನ ನಿಜ ಮುಖ ಕಾಣಿಸದಂತೆ ಮಾಡುತ್ತದೆ. ಮೊದಲ ಕೆಲವು ಸೆಕೆಂಡಿನ ವೇಗ ನಂಬಬೇಡಿ, ನಡುವಿನ ಅಂಕಿ ಬರೆದುಕೊಳ್ಳಿ.

ಸೆಕೆಂಡಿಗೆ 100ರಿಂದ 113 ಎಂಬಿ ಬಂದರೆ ಗಿಗಾಬಿಟ್ ಜಾಲ ತುಂಬಿ ಹರಿಯುತ್ತಿದೆ ಎಂದರ್ಥ. ಅದಕ್ಕಿಂತ ಮೇಲೆ ಅದು ಹೋಗದು. ಸರಿಯಾಗಿ 11 ಅಥವಾ 12ಕ್ಕೆ ಅಂಟಿಕೊಂಡು ಅಲುಗಾಡದಿದ್ದರೆ ದಾರಿಯಲ್ಲಿ ಎಲ್ಲೋ 100 ಮೆಗಾಬಿಟ್ಟಿನ ಕೊಂಡಿ ಇದೆ. ಇಷ್ಟು ಸ್ಪಷ್ಟವಾದ ಸುಳಿವು ಈ ಕೆಲಸದಲ್ಲಿ ಇನ್ನೊಂದು ಸಿಗುವುದಿಲ್ಲ. ವೇಗ 80ಕ್ಕೆ ಏರಿ, ಸೊನ್ನೆಗೆ ಬಿದ್ದು, ಮತ್ತೆ ಏರುತ್ತಿದ್ದರೆ ಡಿಸ್ಕು ಬರೆಯಲಾಗದೆ ಏದುಸಿರು ಬಿಡುತ್ತಿದೆ. ಓದು ಚೆನ್ನಾಗಿದ್ದು ಬರಹ ಮಾತ್ರ 15–25ಕ್ಕೆ ಇಳಿದರೆ ತೊಂದರೆ ರೇಡ್ ಕಾರ್ಡಿನ ಕ್ಯಾಶಿನದು, ಅಂದರೆ ಡಿಸ್ಕಿಗೆ ಇಳಿಯುವ ಮೊದಲು ಬರಹವನ್ನು ಹಿಡಿದಿಡುವ ಮೆಮೊರಿಯದು.

ಎರಡನೆಯ ಪರೀಕ್ಷೆ ಸಾವಿರ ಸಣ್ಣ ಫೈಲುಗಳಿರುವ ಒಂದು ಫೋಲ್ಡರಿನದು. ಇಲ್ಲಿ ವೇಗ ಬಹಳ ಕಡಿಮೆ ಕಾಣುವುದು ಸಹಜ, ಏಕೆಂದರೆ ಪ್ರತಿ ಫೈಲಿಗೂ ತೆರೆ, ಬರೆ, ಮುಚ್ಚು ಎಂಬ ಮಾತುಕತೆ ನಡೆಯಬೇಕು. ನೋಡಬೇಕಾದ್ದು ಆಂಟಿವೈರಸ್ಸನ್ನು ಐದು ನಿಮಿಷ ನಿಲ್ಲಿಸಿದಾಗ ಈ ಹೊತ್ತು ಎಷ್ಟು ಇಳಿಯುತ್ತದೆ ಎಂಬುದನ್ನು. ಅರ್ಧಕ್ಕೆ ಇಳಿದರೆ ಅಪರಾಧಿ ಸಿಕ್ಕಂತೆ.

ಮೂರನೆಯದನ್ನು ಸರ್ವರಿನ ಮುಂದೆಯೇ ಕೂತು ಮಾಡಿ: ಅದೇ ದೊಡ್ಡ ಫೈಲನ್ನು ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿಗೆ ನಕಲಿಸಿ. ಇಲ್ಲೂ ನಿಧಾನವಾದರೆ ಕೇಬಲ್ ಕಡೆ ತಿರುಗಿಯೂ ನೋಡಬೇಕಿಲ್ಲ.

ಹೆಜ್ಜೆ 4: ಕೇಬಲ್, ಸ್ವಿಚ್ಚು, ಮತ್ತು ಮೇಜಿನ ಮೇಲಿನ ಫೋನು

ಸರ್ವರಿನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆದು ಕಾರ್ಡಿನ ಸ್ಟೇಟಸ್ ನೋಡಿದರೆ ಸ್ಪೀಡ್ ಎಂಬಲ್ಲಿ 1.0 ಜಿಬಿಪಿಎಸ್ ಇರಬೇಕು. 100 ಎಂಬಿಪಿಎಸ್ ಇದ್ದರೆ ಮುಕ್ಕಾಲು ಪಾಲು ಕೇಬಲ್ಲೇ ಕಾರಣ. 100 ಮೆಗಾಬಿಟ್ಟಿಗೆ ಎಂಟು ತಂತಿಗಳಲ್ಲಿ 1, 2, 3, 6ನೆಯವು ಸಾಕು. ಗಿಗಾಬಿಟ್ಟಿಗೆ ಎಂಟೂ ಬೇಕು. ಇಲಿ ಕಡಿದೋ, ಕುರ್ಚಿಯ ಚಕ್ರ ಹತ್ತಿಯೋ ಉಳಿದ ನಾಲ್ಕರಲ್ಲಿ ಒಂದು ತುಂಡಾದರೆ ಕಾರ್ಡು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತದೆ. ಸಂಪರ್ಕ ಕಡಿಯದ ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ಕಾರ್ಖಾನೆಯಲ್ಲೇ ತಲೆ ಕಟ್ಟಿದ ಹೊಸ ಕ್ಯಾಟ್ 6 ಪ್ಯಾಚ್ ಕೇಬಲ್ ಒಂದನ್ನು ಹಾಕಿ ನೋಡಿ, ಎರಡೇ ನಿಮಿಷದ ಪರೀಕ್ಷೆ. ಹೊಸ ಕೇಬಲ್ ಎಳೆಸುವುದಾದರೆ ಪೂರ್ತಿ ತಾಮ್ರದ್ದೇ ಎಂದು ಕೇಳಿ ತೆಗೆದುಕೊಳ್ಳಿ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಅಗ್ಗವಾಗಿ ಸಿಗುತ್ತದೆ. ನಾಲ್ಕು ಸಲ ಮಡಿಸಿದರೆ ಒಳಗೆ ಮುರಿಯುತ್ತದೆ.

ಆಮೇಲೆ ಕಚೇರಿಯನ್ನೊಮ್ಮೆ ಸುತ್ತಿ. ಜಾಗ ಸಾಲದಾದಾಗ ಯಾರೋ ತಂದಿಟ್ಟ ಐದು ಪೋರ್ಟಿನ 10/100 ಸ್ವಿಚ್ಚು ಯಾವುದೋ ಮೇಜಿನ ಹಿಂದೆ ಸಿಗುತ್ತದೆ. ಅದರ ಹಿಂದಿನ ನಾಲ್ಕು ಪಿಸಿಗಳು ಸೇರಿ ಸೆಕೆಂಡಿಗೆ 12 ಎಂಬಿಯನ್ನು ಹಂಚಿಕೊಂಡು ಬದುಕುತ್ತಿರುತ್ತವೆ. ಐಪಿ ಫೋನಿನ ಬೆನ್ನಿಂದ ಪಿಸಿಗೆ ಕೇಬಲ್ ಎಳೆದಿದ್ದರೆ ಆ ಫೋನಿನ ಪೋರ್ಟು 100 ಮೆಗಾಬಿಟ್ಟಿನದೇ ಎಂದು ನೋಡಿ. ಹಳೆಯ ಮಾದರಿಗಳು ಬಹುಪಾಲು ಅಂಥವೇ.

ಕಾರ್ಡಿನ ವೇಗವನ್ನು ಹಿಂದೆ ಯಾರೋ ಕೈಯಾರೆ “100 ಫುಲ್ ಡ್ಯೂಪ್ಲೆಕ್ಸ್” ಎಂದು ಕಟ್ಟಿಹಾಕಿದ್ದರೆ ಅದನ್ನು ಆಟೋಗೆ ತನ್ನಿ. ಒಂದು ತುದಿ ಕಟ್ಟಿದ್ದು ಇನ್ನೊಂದು ಆಟೋ ಆಗಿದ್ದರೆ, ಆಟೋ ಇರುವ ತುದಿ ಹಾಫ್ ಡ್ಯೂಪ್ಲೆಕ್ಸಿಗೆ (ಒಂದು ಹೊತ್ತಿಗೆ ಕಳುಹಿಸುವುದು ಅಥವಾ ಪಡೆಯುವುದು, ಎರಡರಲ್ಲಿ ಒಂದೇ) ಇಳಿಯುತ್ತದೆ. ಪಿಂಗ್ ಚೆನ್ನಾಗಿಯೇ ಬರುತ್ತದೆ, ಫೈಲ್ ಕಾಪಿ ಮಾತ್ರ ಸತ್ತಂತಿರುತ್ತದೆ. ಇಷ್ಟಾದ ಮೇಲೂ ಅನುಮಾನ ಉಳಿದರೆ ಸರ್ವರಿನಲ್ಲೊಂದು, ಪಿಸಿಯಲ್ಲೊಂದು ಐಪರ್ಫ್ 3 ಓಡಿಸಿ. ಡಿಸ್ಕಿನ ಸಂಬಂಧವೇ ಇಲ್ಲದೆ ಜಾಲವನ್ನಷ್ಟೇ ಅಳೆಯುತ್ತದೆ. ಆರೋಗ್ಯವಂತ ಗಿಗಾಬಿಟ್ ಜಾಲದಲ್ಲಿ 940 ಮೆಗಾಬಿಟ್ಟಿನ ಹತ್ತಿರ ಬರಬೇಕು.

ಹೆಜ್ಜೆ 5: ಡಿಸ್ಕು

ಅಲಕ್ಷ್ಯಕ್ಕೊಳಗಾದ ಸರ್ವರುಗಳಲ್ಲಿ ನಿಜವಾದ ರೋಗ ಹೆಚ್ಚಾಗಿ ಇಲ್ಲೇ ಇರುತ್ತದೆ.

ಇವೆಂಟ್ ವ್ಯೂಯರ್ ತೆರೆದು ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಂ. ಬಲಗಡೆಯ ಫಿಲ್ಟರಿನಲ್ಲಿ ಈ ಸಂಖ್ಯೆಗಳನ್ನು ಹಾಕಿ: 7, 11, 51, 55, 129, 153. ಇವುಗಳಲ್ಲಿ 7 ಎಂದರೆ ಡಿಸ್ಕಿನಲ್ಲಿ ಓದಲಾಗದ ಜಾಗ, 129 ಎಂದರೆ ಡಿಸ್ಕು ಉತ್ತರಿಸದ್ದರಿಂದ ಅದನ್ನು ರೀಸೆಟ್ ಮಾಡಲಾಯಿತು, 153 ಎಂದರೆ ಒಂದು ಓದು ಅಥವಾ ಬರಹವನ್ನು ಮತ್ತೆ ಮಾಡಬೇಕಾಯಿತು, 55 ಎಂದರೆ ಫೈಲ್ ಸಿಸ್ಟಮ್ಮೇ ಕೆಟ್ಟಿದೆ. ತಿಂಗಳಿಗೊಂದು 153 ಕಂಡರೆ ಗಾಬರಿ ಬೇಡ, ದಿನಕ್ಕೆ ಹತ್ತು ಎಂದರೆ ಹೊಸ ಡಿಸ್ಕಿಗೆ ಇಂದೇ ಆರ್ಡರ್ ಕೊಡಿ. ಅದೇ ಪಟ್ಟಿಯಲ್ಲಿ 6008 ಮತ್ತು 41 ಸಾಲುಸಾಲಾಗಿ ಕಂಡರೆ ಸರ್ವರ್ ಪದೇಪದೇ ಕರೆಂಟು ಹೋಗಿ ನಿಂತಿದೆ. ಯುಪಿಎಸ್ ಬ್ಯಾಟರಿ ಸತ್ತಿರುವುದು ಇಲ್ಲಿ ಬಯಲಾಗುತ್ತದೆ.

ನಂತರ ಜನ ಕೆಲಸ ಮಾಡುತ್ತಿರುವಾಗಲೇ ಪರ್ಫಾರ್ಮೆನ್ಸ್ ಮಾನಿಟರ್ ಓಡಿಸಿ, ಫಿಸಿಕಲ್ ಡಿಸ್ಕ್ ಗುಂಪಿನಿಂದ “ಆವರೇಜ್ ಡಿಸ್ಕ್ ಸೆಕ್ ಪರ್ ರೀಡ್” ಮತ್ತು “ಪರ್ ರೈಟ್” ಸೇರಿಸಿ. ಅಂಕಿ ಸೆಕೆಂಡಿನಲ್ಲಿರುತ್ತದೆ: 0.010 ಎಂದರೆ 10 ಮಿಲಿಸೆಕೆಂಡ್, ಒಳ್ಳೆಯದು. 0.025 ದಾಟಿ ನಿಂತರೆ ಜನರಿಗೆ ಗೊತ್ತಾಗುವಷ್ಟು ನಿಧಾನ. 0.100 ಎಂದರೆ ಟ್ಯಾಲಿ ಪರದೆ ಬಿಳಿಯಾಗಿ ನಿಲ್ಲುವ ಸ್ಥಿತಿ. ಯಾವ ಪ್ರೋಗ್ರಾಂ ಡಿಸ್ಕನ್ನು ತಿನ್ನುತ್ತಿದೆ ಎಂದು ನೋಡಲು ರಿಸೋರ್ಸ್ ಮಾನಿಟರಿನ ಡಿಸ್ಕ್ ಟ್ಯಾಬಿನಲ್ಲಿ ರೆಸ್ಪಾನ್ಸ್ ಟೈಮ್ ಕಾಲಮಿನ ಮೇಲೆ ಕ್ಲಿಕ್ ಮಾಡಿ ಏರಿಳಿಸಿ.

7200 ಆರ್‌ಪಿಎಂನ ಒಂದು ಡಿಸ್ಕು ಅಲ್ಲಲ್ಲಿ ಚದುರಿದ ಓದುಗಳನ್ನು ಸೆಕೆಂಡಿಗೆ 75ರಿಂದ 100 ಮಾತ್ರ ಮಾಡಬಲ್ಲದು. ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ನಾಲ್ಕು ಡಿಸ್ಕ್ ಕೆಲಸ: ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ (ಸತ್ತ ಡಿಸ್ಕಿನ ಡೇಟಾ ಮರಳಿ ಕಟ್ಟಲು ಇಡುವ ಲೆಕ್ಕ) ಓದು, ಎರಡನ್ನೂ ಹೊಸದಾಗಿ ಬರೆ. ನಾಲ್ಕು ಡಿಸ್ಕು ಸೇರಿಯೂ ಸೆಕೆಂಡಿಗೆ ನೂರರಷ್ಟು ಸಣ್ಣ ಬರಹ. ಹದಿನೈದು ಜನ ವೋಚರ್ ಹಾಕುತ್ತಿದ್ದರೆ ಇದು ಸಾಲುವುದಿಲ್ಲ. ಇಷ್ಟು ವರ್ಷ ಸಾಲುತ್ತಿದ್ದುದು ಕಾರ್ಡಿನ ಕ್ಯಾಶಿನಿಂದ.

ಆ ಕ್ಯಾಶಿಗೊಂದು ಬ್ಯಾಟರಿ ಇರುತ್ತದೆ. ಕರೆಂಟು ಹೋದರೂ ಡಿಸ್ಕಿಗೆ ಇನ್ನೂ ಇಳಿಯದ ಡೇಟಾ ಉಳಿಯಲಿ ಎಂದು. ಕೆಲವು ವರ್ಷಗಳಲ್ಲಿ ಬ್ಯಾಟರಿ ಸಾಯುತ್ತದೆ, ಕಾರ್ಡು ತಾನಾಗಿ ರೈಟ್ ಬ್ಯಾಕ್ ಬಿಟ್ಟು ರೈಟ್ ಥ್ರೂಗೆ ಇಳಿಯುತ್ತದೆ, ಪ್ರತಿ ಬರಹವೂ ಡಿಸ್ಕು ತಲುಪುವ ತನಕ ಕಾಯಬೇಕಾಗುತ್ತದೆ. ಪರದೆಯ ಮೇಲೆ ಒಂದು ಸಂದೇಶವೂ ಬರುವುದಿಲ್ಲ. “ಹೋದ ವರ್ಷದಿಂದ ಯಾಕೋ ನಿಧಾನ” ಎನ್ನುವ ಸರ್ವರುಗಳಲ್ಲಿ ಇದನ್ನು ಮೊದಲು ನೋಡಬೇಕು. ಡೆಲ್ ಆದರೆ ಓಪನ್‌ಮ್ಯಾನೇಜ್, ಎಚ್‌ಪಿಇ ಆದರೆ ಸ್ಮಾರ್ಟ್ ಸ್ಟೋರೇಜ್ ಅಡ್ಮಿನಿಸ್ಟ್ರೇಟರ್, ಎಲ್‌ಎಸ್‌ಐ ಕಾರ್ಡಾದರೆ ಮೆಗಾರೇಡ್ ಸ್ಟೋರೇಜ್ ಮ್ಯಾನೇಜರ್ ಹಾಕಿಕೊಂಡು ಬ್ಯಾಟರಿಯ ಸ್ಥಿತಿ, ವರ್ಚುಯಲ್ ಡಿಸ್ಕಿನ ರೈಟ್ ಪಾಲಿಸಿ ಎರಡನ್ನೂ ನೋಡಿ. ಬ್ಯಾಟರಿ ಫೇಲ್ ಆಗಿದ್ದರೆ ಅದೇ ಪಾರ್ಟ್ ನಂಬರಿನದನ್ನು ತರಿಸಿ ಬದಲಿಸಿ. ಬ್ಯಾಟರಿ ಇಲ್ಲದೆಯೂ ರೈಟ್ ಬ್ಯಾಕನ್ನು ಬಲವಂತವಾಗಿ ಆನ್ ಮಾಡುವ ಆಯ್ಕೆ ಅಲ್ಲೇ ಕಾಣುತ್ತದೆ, ಮಾಡಿದರೆ ವೇಗ ತಕ್ಷಣ ಮರಳುತ್ತದೆ. ಮುಂದಿನ ಸಲ ಕರೆಂಟು ಹೋದಾಗ ಕ್ಯಾಶಿನಲ್ಲಿದ್ದ ವೋಚರುಗಳೂ ಹೋಗುತ್ತವೆ. ಹಳೆಯ ಕೆಲವು ಕಾರ್ಡುಗಳು ಸುಮಾರು 90 ದಿನಕ್ಕೊಮ್ಮೆ ಬ್ಯಾಟರಿಯನ್ನು ಪೂರ್ತಿ ಇಳಿಸಿ ತುಂಬಿಸುತ್ತವೆ. ಆ ಕೆಲವು ಗಂಟೆ ನಿಧಾನವಾಗುವುದು ದೋಷವಲ್ಲ.

ಅದೇ ಪರದೆಯಲ್ಲಿ ರೇಡ್ “ಡಿಗ್ರೇಡೆಡ್” ಎಂದಿದೆಯೇ ನೋಡಿ. ಒಂದು ಡಿಸ್ಕು ಸತ್ತರೂ ರೇಡ್ 5 ಓಡುತ್ತದೆ. ಆದರೆ ಸತ್ತ ಡಿಸ್ಕಿನ ಪಾಲಿನ ಪ್ರತಿ ಓದಿಗೂ ಉಳಿದ ಮೂರನ್ನೂ ಓದಿ ಲೆಕ್ಕ ಹಾಕಬೇಕು. ಸರ್ವರ್ ಕೀ ಕೀ ಎಂದು ಕೂಗುತ್ತಲೇ ಇರುತ್ತದೆ. ಆ ಸದ್ದಿಗೆ ಕಚೇರಿಯವರು ಫ್ಯಾನಿನ ಸದ್ದಿನಷ್ಟೇ ಒಗ್ಗಿಹೋಗಿರುತ್ತಾರೆ.

ಡಿಸ್ಕ್ ಬದಲಿಸುವಾಗ ಎಡವುವ ಜಾಗಗಳು ಇವು. ಕೆಟ್ಟ ಡಿಸ್ಕಿನ ಸ್ಲಾಟ್ ನಂಬರನ್ನು ಎರಡು ಸಲ ಖಚಿತಪಡಿಸಿಕೊಳ್ಳಿ, ಸಾಫ್ಟ್‌ವೇರಿನಿಂದ ಅದರ ದೀಪ ಮಿನುಗಿಸಿ ನೋಡಿ, ಆಮೇಲೆ ಎಳೆಯಿರಿ. ಒಳ್ಳೆಯ ಡಿಸ್ಕ್ ಎಳೆದರೆ ಇಡೀ ರೇಡ್ ಬಿದ್ದುಹೋಗುತ್ತದೆ. ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದಾಗಿರಬಾರದು. ಡೆಸ್ಕ್‌ಟಾಪ್ ಡಿಸ್ಕು ಹಾಕಬೇಡಿ: ಓದಲಾಗದ ಜಾಗ ಸಿಕ್ಕಾಗ ಅದು ದೀರ್ಘಕಾಲ ಹೆಣಗಾಡುತ್ತದೆ, ಕಾರ್ಡು ಅಷ್ಟು ಕಾಯದೆ ಅದನ್ನು ಸತ್ತಿದೆ ಎಂದು ಹೊರಹಾಕುತ್ತದೆ. ಎಸ್‌ಎಂಆರ್ ಬಗೆಯ ಡಿಸ್ಕೂ ಬೇಡ. ಅದರಲ್ಲಿ ಗೆರೆಗಳು ಒಂದರ ಮೇಲೊಂದು ಹಂಚಿನ ಹಾಗೆ ಕೂತಿರುತ್ತವೆ, ರೀಬಿಲ್ಡ್, ಅಂದರೆ ಹೊಸ ಡಿಸ್ಕಿಗೆ ಡೇಟಾ ಮರಳಿ ತುಂಬುವ ಕೆಲಸ, ಗಂಟೆಗಳ ಬದಲು ದಿನಗಟ್ಟಲೆ ಎಳೆಯುತ್ತದೆ. ಮಾದರಿಯ ಸಂಖ್ಯೆ ಹಿಡಿದು ತಯಾರಕರ ಪಟ್ಟಿಯಲ್ಲಿ ಸಿಎಂಆರ್ ಎಂದಿರುವುದನ್ನು ನೋಡಿಯೇ ಕೊಳ್ಳಿ. ರೀಬಿಲ್ಡ್ ನಡೆಯುವಾಗ ಉಳಿದ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾಗುವುದರಿಂದ ಎರಡನೆಯ ಡಿಸ್ಕು ಸಾಯುವುದೂ ಸಾಮಾನ್ಯವಾಗಿ ಆಗಲೇ. ಶನಿವಾರ ಸಂಜೆ, ನಕಲು ಕೈಯಲ್ಲಿಟ್ಟುಕೊಂಡು ಶುರುಮಾಡಿ.

ರೇಡ್ ಕಾರ್ಡೇ ಇಲ್ಲದ ಪೆಟ್ಟಿಗೆಯಾದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು. 5, 197, 198ನೇ ಸಾಲುಗಳ ಕಚ್ಚಾ ಅಂಕಿ ಸೊನ್ನೆ ಇರಬೇಕು. 197 ಏರುತ್ತಿದ್ದರೆ ಡಿಸ್ಕು ಹೊರಟಿದೆ. 199 ಮಾತ್ರ ಏರುತ್ತಿದ್ದರೆ ತಪ್ಪು ಡಿಸ್ಕಿನದಲ್ಲ, ಸಾಟಾ ಕೇಬಲ್ಲಿನದು. ಸಾಯುತ್ತಿರುವ ಡಿಸ್ಕಿನ ಮೇಲೆ ವಿಂಡೋಸಿನ ಡಿಸ್ಕ್ ರಿಪೇರಿ ಆಜ್ಞೆಯಾದ ಚೆಕ್‌ಡಿಸ್ಕನ್ನು ‘ಆರ್’ ಸ್ವಿಚ್ಚಿನೊಂದಿಗೆ ಓಡಿಸಬೇಡಿ, ಅದು ಇಡೀ ಡಿಸ್ಕನ್ನು ಕೆರೆದು ಉಳಿದ ಜೀವವನ್ನೂ ತೆಗೆಯುತ್ತದೆ. ಮೊದಲು ನಕಲು, ರಿಪೇರಿ ಆಮೇಲೆ.

ಹೆಜ್ಜೆ 6: ಆಂಟಿವೈರಸ್, ಟ್ಯಾಲಿ, ಶ್ಯಾಡೋ ಕಾಪಿ

ವಿಂಡೋಸ್ ಸರ್ವರ್ 2016ರಿಂದ ಮೈಕ್ರೋಸಾಫ್ಟಿನದೇ ಆಂಟಿವೈರಸ್ ಆದ ಡಿಫೆಂಡರ್ ಜೊತೆಯಲ್ಲೇ ಬರುತ್ತದೆ. ಪಿಸಿಯಲ್ಲಿ ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಸರ್ವರಿನಲ್ಲಿ ಸರಿಯುವುದಿಲ್ಲ. ಹಾಗಾಗಿ ಅಂಗಡಿಯವರು ಇನ್ನೊಂದನ್ನು ಹಾಕಿಕೊಟ್ಟಿದ್ದರೆ ಪ್ರತಿ ಫೈಲನ್ನೂ ಎರಡೂ ನೋಡುತ್ತವೆ, ಅದರ ಮೇಲೆ ಪಿಸಿಯ ಆಂಟಿವೈರಸ್ ಮೂರನೆಯ ಸಲ. ಸರ್ವರಿನಲ್ಲಿ ಒಂದನ್ನೇ ಉಳಿಸಿ. ಟ್ಯಾಲಿ ಡೇಟಾ ಫೋಲ್ಡರನ್ನು ಎರಡೂ ಕಡೆ ರಿಯಲ್ ಟೈಮ್ ಸ್ಕ್ಯಾನಿನಿಂದ ಬಿಡಿಸಿ, ವಾರಕ್ಕೊಮ್ಮೆ ರಾತ್ರಿ ಸ್ಕ್ಯಾನ್ ಆಗುವಂತೆ ಇಡಿ. ಇಡೀ ಡ್ರೈವನ್ನೇ ಬಿಡಿಸುವುದು ಮಾತ್ರ ರ್‍ಯಾನ್ಸಮ್‌ವೇರಿಗೆ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಾಗಿಲು ತೆರೆದಂತೆ.

ಟ್ಯಾಲಿ ಹಂಚಿಕೆಯ ಫೋಲ್ಡರಿನಲ್ಲಿದ್ದಾಗ ಪ್ರತಿ ವೋಚರಿಗೂ ಹಲವಾರು ಸಣ್ಣ ಓದು–ಬರಹ ನಡೆಯುತ್ತವೆ. ಇಲ್ಲಿ ಮುಖ್ಯವಾಗುವುದು ಒಂದೊಂದು ಮಾತಿಗೂ ಉತ್ತರ ಬರುವ ಹೊತ್ತು. ವೈಫೈ ಲ್ಯಾಪ್‌ಟಾಪಿನಲ್ಲಿ ಅದೇ ಕಂಪನಿ ಪಕ್ಕದ ಮೇಜಿಗಿಂತ ಎಷ್ಟೋ ಪಟ್ಟು ನಿಧಾನವಾಗಿ ತೆರೆಯುವುದು ಇದರಿಂದ. ನಡುವೆ ಸಿಗ್ನಲ್ ತಪ್ಪಿದರೆ ಡೇಟಾ ಕೆಡುವ ಅಪಾಯವೂ ಇದೆ, ಆದ್ದರಿಂದ ಟ್ಯಾಲಿ ಬಳಸುವವರಿಗೆ ಕೇಬಲ್ಲೇ ಇರಲಿ. ಹತ್ತು ವರ್ಷದ ಲೆಕ್ಕ ಒಂದೇ ಕಂಪನಿಯಲ್ಲಿದ್ದರೆ ಟ್ಯಾಲಿಯ ಸ್ಪ್ಲಿಟ್ ಸೌಲಭ್ಯದಿಂದ ಹಣಕಾಸು ವರ್ಷದ ಗಡಿಯಲ್ಲಿ ಒಡೆಯಿರಿ, ಬ್ಯಾಕಪ್ ತೆಗೆದ ಮೇಲೆ. ಎಲ್ಲರನ್ನೂ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಸರ್ವರಿಗೇ ಕೂರಿಸುವುದೂ ಒಂದು ದಾರಿ. ಲೈಸೆನ್ಸ್ ಇಲ್ಲದೆ ಆಡಳಿತದ ಕೆಲಸಕ್ಕೆಂದು ಇಬ್ಬರಿಗಷ್ಟೇ ಅವಕಾಶ ಎಂಬುದು ನೆನಪಿರಲಿ.

ಸರ್ವರ್ ಎಂದು ಕರೆಯುತ್ತಿರುವುದು ನಿಜಕ್ಕೂ ವಿಂಡೋಸ್ 10 ಅಥವಾ 11 ಹಾಕಿದ ಪಿಸಿಯಾಗಿದ್ದರೆ ಅದಕ್ಕೆ ಒಂದು ಹೊತ್ತಿಗೆ 20 ಸಂಪರ್ಕಗಳ ಮಿತಿ ಇದೆ. ಪ್ರಿಂಟರಿನ ಸ್ಕ್ಯಾನ್ ಫೋಲ್ಡರೂ ಈ ಲೆಕ್ಕಕ್ಕೆ ಸೇರುತ್ತದೆ. ಇಪ್ಪತ್ತೊಂದನೆಯವರಿಗೆ ನಿಧಾನವಾಗುವುದಿಲ್ಲ, ಬಾಗಿಲೇ ತೆರೆಯುವುದಿಲ್ಲ.

ಶ್ಯಾಡೋ ಕಾಪಿಯನ್ನು ನಿಲ್ಲಿಸಬೇಡಿ. ತಪ್ಪಿ ಅಳಿಸಿದ ಫೈಲನ್ನು ಮರಳಿ ಕೊಡುವುದು ಅದೇ. ಹೊತ್ತನ್ನು ಮಾತ್ರ ಊಟದ ಸಮಯಕ್ಕೂ ಕಚೇರಿ ಮುಚ್ಚಿದ ನಂತರಕ್ಕೂ ಸರಿಸಿ. ಒಂದು ಡ್ರೈವಿಗೆ 64 ನಕಲುಗಳವರೆಗೆ ಇಡುತ್ತದೆ, ಅದು ತುಂಬಿದಾಗ ಹಳೆಯದು ತಾನಾಗಿ ಹೋಗುತ್ತದೆ.

ಹೆಜ್ಜೆ 7: ಹೆಸರಿನ ಗೊಂದಲ

ಫೋಲ್ಡರ್ ತೆರೆಯಲು ಹತ್ತು ಸೆಕೆಂಡ್ ಹಿಡಿದು, ತೆರೆದ ಮೇಲೆ ಎಲ್ಲ ಸರಾಗ ಎಂದರೆ ಡಿಸ್ಕೂ ಅಲ್ಲ, ಕೇಬಲ್ಲೂ ಅಲ್ಲ. ಸರ್ವರಿನ ಹೆಸರಿನ ಬದಲು ಐಪಿ ವಿಳಾಸ ಹಾಕಿ ತೆರೆದು ನೋಡಿ. ತಕ್ಷಣ ತೆರೆದರೆ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸಮಸ್ಯೆ. ಡೊಮೇನ್ ಇರುವ, ಅಂದರೆ ಎಲ್ಲ ಪಿಸಿಗಳ ಲಾಗಿನ್ನನ್ನು ಒಂದು ಸರ್ವರೇ ನೋಡಿಕೊಳ್ಳುವ ಕಚೇರಿಯಲ್ಲಿ ಪಿಸಿಯ ಡಿಎನ್‌ಎಸ್ ಜಾಗದಲ್ಲಿ 8.8.8.8 ಹಾಕಿದ್ದರೆ ಅದು ನಿಮ್ಮ ಸರ್ವರ್ ಎಲ್ಲಿದೆ ಎಂದು ಗೂಗಲ್ಲನ್ನು ಕೇಳುತ್ತಿದೆ. ಅಲ್ಲಿ ಲಾಗಿನ್ ನೋಡಿಕೊಳ್ಳುವ ಆ ಸರ್ವರಿನ, ಅಂದರೆ ಡೊಮೇನ್ ಕಂಟ್ರೋಲರಿನ ವಿಳಾಸ ಮಾತ್ರ ಇರಬೇಕು. ಈಗಿಲ್ಲದ ಹಳೆಯ ಸರ್ವರಿಗೆ ಮ್ಯಾಪ್ ಆಗಿ ಉಳಿದ ಡ್ರೈವುಗಳನ್ನೂ ಕಿತ್ತುಹಾಕಿ. ಎಕ್ಸ್‌ಪ್ಲೋರರ್ ಪ್ರತಿ ಸಲ ಅವುಗಳ ಬಾಗಿಲು ತಟ್ಟಿ ಕಾಯುತ್ತದೆ.

ಸರ್ವರಿನ ಗಡಿಯಾರ ನೋಡಿ. ಪಿಸಿಗೂ ಸರ್ವರಿಗೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಡೊಮೇನಿನ ಲಾಗಿನ್ನೇ ತಪ್ಪುತ್ತದೆ. ಕರೆಂಟು ಹೋದಾಗಲೆಲ್ಲ ತಾರೀಕು ಹಿಂದಕ್ಕೆ ಓಡುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಸೆಲ್ ಬದಲಿಸಿ.

ಹೊಸ ವಿಂಡೋಸ್ 11 ಪ್ರೋ ಪಿಸಿಗೆ ಮಾತ್ರ ಸರ್ವರ್ ಅಥವಾ ಹಳೆಯ ನ್ಯಾಸ್ ಪೆಟ್ಟಿಗೆ (ಜಾಲಕ್ಕೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ತೆರೆಯುತ್ತಿಲ್ಲವೆಂದರೆ ಕಾರಣ 24ಎಚ್2 ಆವೃತ್ತಿ. ಅದು ಎಸ್‌ಎಂಬಿ (ವಿಂಡೋಸ್ ಜಾಲದಲ್ಲಿ ಫೈಲ್ ಹಂಚಿಕೊಳ್ಳುವ ವಿಧಾನ) ಸಹಿಯನ್ನು ಕಡ್ಡಾಯ ಮಾಡಿದೆ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವನ್ನು ಮುಚ್ಚಿದೆ. ಹಂಚಿಕೆಗೆ ಸರಿಯಾದ ಬಳಕೆದಾರ ಹೆಸರು, ಪಾಸ್‌ವರ್ಡ್ ಇಡುವುದೇ ಪರಿಹಾರ. ಹಳೆಯ ಸ್ಕ್ಯಾನರಿಗಾಗಿ ಎಸ್‌ಎಂಬಿ 1 ಆನ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, 2017ರ ಮೇ ತಿಂಗಳಲ್ಲಿ ವಾನಾಕ್ರೈ ಹರಡಿದ್ದು ಆ ಬಾಗಿಲಿನಿಂದಲೇ. ಸ್ಕ್ಯಾನನ್ನು ಇಮೇಲಿಗೆ ಕಳುಹಿಸುವಂತೆ ಬದಲಿಸಿ.

ಹೆಜ್ಜೆ 8: ಕಸ

ಡ್ರೈವಿನಲ್ಲಿ ಕನಿಷ್ಠ 15 ಶೇಕಡಾ ಖಾಲಿ ಇರಲಿ. ಅದಕ್ಕಿಂತ ಕಡಿಮೆಯಾದರೆ ಡಿಫ್ರ್ಯಾಗಿಗೂ ಜಾಗ ಸಾಲದು, ಹೊಸ ಫೈಲುಗಳು ಚೂರುಚೂರಾಗಿ ಕೂರುತ್ತವೆ. ವಿಜ್‌ಟ್ರೀ ಅಥವಾ ಟ್ರೀಸೈಜ್ ಓಡಿಸಿದರೆ ಯಾರು ಎಷ್ಟು ತಿಂದಿದ್ದಾರೆ ಎಂದು ಕಾಣುತ್ತದೆ. ಒಂದೇ ಕಂಪನಿಯ ಟ್ಯಾಲಿ ಬ್ಯಾಕಪ್ ಐದು ಕಡೆ, ಯಾರದೋ ಫೋನಿನ ಮದುವೆ ವಿಡಿಯೊ, ಮತ್ತು ಸ್ಕ್ಯಾನುಗಳು. ಎ4 ಹಾಳೆಯೊಂದನ್ನು 600 ಡಿಪಿಐ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಕುಗ್ಗಿಸುವ ಮೊದಲು ಸುಮಾರು 104 ಎಂಬಿ, 300 ಡಿಪಿಐ ಬೂದುಬಣ್ಣದಲ್ಲಿ 9 ಎಂಬಿಯೂ ಇಲ್ಲ. ಬಿಲ್ಲು–ವೋಚರಿಗೆ ಎರಡನೆಯದು ಧಾರಾಳ.

ಅಳಿಸುವ ಮೊದಲು ಕಾನೂನು ನೋಡಿ. 2013ರ ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು. ಹಾಗಾಗಿ ಹಳೆಯ ವರ್ಷಗಳನ್ನು ಅಳಿಸದೆ ಓದಲಷ್ಟೇ ಅನುಮತಿ ಇರುವ ಬೇರೆ ಹಂಚಿಕೆಗೆ ಸಾಗಿಸಿ.

ಒಂದೇ ಫೋಲ್ಡರಿನಲ್ಲಿ ನಲವತ್ತು–ಐವತ್ತು ಸಾವಿರ ಫೈಲುಗಳಿದ್ದರೆ ವರ್ಷ, ಗ್ರಾಹಕ ಎಂದು ಒಡೆಯಿರಿ. ಫೋಲ್ಡರಿನ ಪ್ರಾಪರ್ಟೀಸಿನ ಕಸ್ಟಮೈಸ್ ಟ್ಯಾಬಿನಲ್ಲಿ “ಪಿಕ್ಚರ್ಸ್” ಇದ್ದರೆ “ಜನರಲ್ ಐಟಮ್ಸ್” ಮಾಡಿ. ನುಡಿ ಅಥವಾ ಬರಹದ ಹಳೆಯ ಸಂಕೇತದಲ್ಲಿ ಟೈಪಾದ ಪತ್ರಗಳ ಒಳಗಿನ ಕನ್ನಡ ಪದಗಳನ್ನು ವಿಂಡೋಸ್ ಸರ್ಚ್ ಹುಡುಕಿಕೊಡಲಾರದು. ಅಲ್ಲಿ ಉಳಿದಿರುವುದು ರೋಮನ್ ಅಕ್ಷರಗಳ ಸರಮಾಲೆ, ಕನ್ನಡ ಕಾಣಿಸುವುದು ಫಾಂಟಿನಿಂದ. ಅಂಥ ಫೋಲ್ಡರುಗಳನ್ನು ಇಂಡೆಕ್ಸಿನಿಂದ ತೆಗೆಯಿರಿ, ಫೈಲಿನ ಹೆಸರಲ್ಲೇ ವರ್ಷ ಮತ್ತು ವಿಷಯ ಬರೆಯುವ ರೂಢಿ ಮಾಡಿಸಿ.

ಹೆಜ್ಜೆ 9: ಪೆಟ್ಟಿಗೆ ಮತ್ತು ಕರೆಂಟು

ನಕಲು ಭದ್ರವಾಗಿದ್ದು, ಡಿಸ್ಕುಗಳ ಸ್ಥಿತಿ ತಿಳಿದ ಮೇಲೆ ಒಂದು ಶನಿವಾರ ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ ತೆರೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದುಕೊಳ್ಳಿ, ಇಲ್ಲದಿದ್ದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹೋಗುತ್ತದೆ. ಕೆಲವು ಬಿಡಿಭಾಗ ಬಿಸಿಯಾದಾಗ ವೇಗವನ್ನು ತಾವೇ ಇಳಿಸಿಕೊಳ್ಳುವುದರಿಂದ ಧೂಳು ಬರೀ ಅಂದದ ವಿಷಯವಲ್ಲ. ಯುಪಿಎಸ್ಸಿನ 12 ವೋಲ್ಟ್, 7 ಎಎಚ್ ಬ್ಯಾಟರಿ ನಮ್ಮ ಸೆಕೆಗೆ ಎರಡು–ಮೂರು ವರ್ಷ ಬಂದರೆ ಹೆಚ್ಚು. ಗೋಡೆಯ ಪ್ಲಗ್ ಎಳೆದು ಐದು ನಿಮಿಷ ನಿಲ್ಲುತ್ತದೆಯೇ ನೋಡಿ, ಸರ್ವರನ್ನಲ್ಲ, ಅಷ್ಟೇ ಲೋಡಿನ ಬೇರೇನನ್ನಾದರೂ ಜೋಡಿಸಿ. ಪ್ಲಗ್ಗಿನಲ್ಲಿ ನ್ಯೂಟ್ರಲ್–ಅರ್ತ್ ನಡುವಿನ ವೋಲ್ಟೇಜು 2–3ರೊಳಗಿರಲಿ. ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಹೆಜ್ಜೆ 10: ಖರ್ಚು ಮಾಡುವುದೇ ಆದರೆ

ಹದಿನೈದು ಜನರ ಕಚೇರಿಗೆ ನಮ್ಮ ಶಿಫಾರಸು ಸ್ಪಷ್ಟ: ತಿರುಗುವ ನಾಲ್ಕು ಡಿಸ್ಕಿನ ರೇಡ್ 5 ಬಿಟ್ಟು 2 ಟಿಬಿಯ ಎರಡು ಎಸ್‌ಎಸ್‌ಡಿಗಳ ರೇಡ್ 1 (ಎರಡರಲ್ಲೂ ಅದೇ ಡೇಟಾ). ಸೆಕೆಂಡಿಗೆ ನೂರು ಇದ್ದ ಸಣ್ಣ ಬರಹಗಳು ಸಾವಿರಗಳಿಗೆ ಏರುತ್ತವೆ. ಹಳೆಯ ಕಾರ್ಡಿನ ಸಾಟಾ ವೇಗ ಅರ್ಧವಿದ್ದರೂ ತೊಂದರೆಯಿಲ್ಲ, ನಿಮ್ಮ ಜಾಲವೇ 113 ಎಂಬಿ ದಾಟದು.

ವಿಂಡೋಸ್ ಸರ್ವರ್ 2012 ಆರ್2ಕ್ಕೆ ಸಾಮಾನ್ಯ ಭದ್ರತಾ ಅಪ್‌ಡೇಟ್ 2023ರ ಅಕ್ಟೋಬರ್ 10ಕ್ಕೆ ನಿಂತಿದೆ, 2016ಕ್ಕೆ 2027ರ ಜನವರಿ 12ರವರೆಗೆ. ಹಳೆಯದರಲ್ಲಿದ್ದರೆ ಡಿಸ್ಕಿನ ಜೊತೆಗೇ ಅದನ್ನೂ ಬದಲಿಸಿ. ಸಾಗಿಸುವಾಗ ಮೊದಲು ರಿಜಿಸ್ಟ್ರಿಯಲ್ಲಿ ಲ್ಯಾನ್‌ಮ್ಯಾನ್‌ಸರ್ವರ್ ಕೆಳಗಿನ ಶೇರ್ಸ್ ಕೀಲಿಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಹಂಚಿಕೆಗಳ ಹೆಸರು ಮತ್ತು ಅನುಮತಿ ಅಲ್ಲಿರುತ್ತವೆ. ರೋಬೊಕಾಪಿಯನ್ನು ಈ ಸಲ ‘ಕಾಪಿಆಲ್’ ಜೊತೆ ಎರಡು ಬಾರಿ ಓಡಿಸಿ: ವಾರದ ನಡುವೆ ಒಮ್ಮೆ, ಶನಿವಾರ ಎಲ್ಲರೂ ಹೊರಟ ಮೇಲೆ ಬದಲಾದವುಗಳಿಗಷ್ಟೇ ಇನ್ನೊಮ್ಮೆ. ಹಳೆಯ ಸರ್ವರನ್ನು ಒಂದು ತಿಂಗಳು ಹಾಗೆಯೇ, ಜಾಲದಿಂದ ಕಳಚಿ ಇಟ್ಟುಕೊಳ್ಳಿ.

ಬ್ಯಾಕಪ್ಪಿಗೆ ಎರಡು ಎಕ್ಸ್‌ಟರ್ನಲ್ ಡಿಸ್ಕು, ದಿನ ಬಿಟ್ಟು ದಿನ ಅದಲುಬದಲು, ಒಂದು ಸದಾ ಕಚೇರಿಯ ಹೊರಗೆ. ಸರ್ವರಿಗೆ ಸದಾ ಚುಚ್ಚಿಕೊಂಡೇ ಇರುವ ಡಿಸ್ಕನ್ನು ರ್‍ಯಾನ್ಸಮ್‌ವೇರ್ ಕೂಡ ಸರ್ವರಿನ ಭಾಗವೆಂದೇ ನೋಡುತ್ತದೆ. ಕಂಪನಿಗಳ ಲೆಕ್ಕಪುಸ್ತಕ ಇಡುವವರಾದರೆ, 2022ರ ತಿದ್ದುಪಡಿಯ ನಂತರ ಭಾರತದೊಳಗಿನ ಸರ್ವರಿನಲ್ಲಿ ದಿನನಿತ್ಯದ ಬ್ಯಾಕಪ್ ಇರಬೇಕೆಂಬ ನಿಯಮವೂ ಇದೆ. ತಿಂಗಳಿಗೊಂದು ಫೈಲನ್ನು ಬ್ಯಾಕಪ್ಪಿನಿಂದ ತೆಗೆದು ತೆರೆದು ನೋಡಿ.

ಕೊನೆಗೆ ಎ4 ಹಾಳೆಯೊಂದನ್ನು ಸರ್ವರಿನ ಪಕ್ಕಕ್ಕೆ ಅಂಟಿಸಿ. ತಾರೀಕು, ದೊಡ್ಡ ಫೈಲಿನ ಓದು ಮತ್ತು ಬರಹದ ವೇಗ, ಡಿಸ್ಕಿನ ಮಿಲಿಸೆಕೆಂಡು, ಖಾಲಿ ಜಾಗ, ರೇಡ್ ಬ್ಯಾಟರಿ ಮತ್ತು ಯುಪಿಎಸ್ ಬ್ಯಾಟರಿ ಹಾಕಿದ ದಿನ. ತಿಂಗಳ ಮೊದಲ ಶನಿವಾರ ಇಷ್ಟನ್ನು ತುಂಬಲು ಕಾಲು ಗಂಟೆ ಸಾಕು. ಮುಂದಿನ ಸೆಪ್ಟೆಂಬರಿನಲ್ಲಿ “ಸಾರ್, ಸರ್ವರ್ ಸ್ಲೋ” ಎಂದಾಗ ಆ ದಿನದ ಅಂಕಿಯನ್ನು ಇದರ ಪಕ್ಕ ಬರೆದರೆ ಯಾವ ಹೆಜ್ಜೆಗೆ ಹೋಗಬೇಕೆಂದು ಅಲ್ಲೇ ಗೊತ್ತಾಗುತ್ತದೆ.